ನೀರು ಬಿಟ್ಟವರು ಯಾರು?

ಮಳೆಗಾಲ ಹಿಡಿದು ತುಂಗಭದ್ರೆ ತುಂಬುತ್ತ ಬಂದಳೆಂದರೆ ಕಾರಟಗಿಯ ಸುತ್ತ ಎಲ್ಲರ ಬಾಯಲ್ಲೂ ಒಂದೇ ಮಾತು: "ನೀರು ಬಿಟ್ಟಾರ." ಮುನಿರಾಬಾದಿನ ಜಲಾಶಯದಿಂದ ಎಡದಂಡೆ ಕಾಲುವೆಗೆ ನೀರು ಹರಿದರೆ ಸಸಿಮಡಿ, ಟ್ರ್ಯಾಕ್ಟರ್ ಬಾಡಿಗೆ, ನಾಟಿಯ ಆಳು, ಕೊನೆಗೆ ರೈಸ್‌ಮಿಲ್ಲಿನ ತನಕ ಎಲ್ಲದಕ್ಕೂ ಜೀವ ಬರುತ್ತದೆ. ಬಿಟ್ಟವರು ಯಾರು ಎಂದು ಯಾರೂ ಕೇಳುವುದಿಲ್ಲ. ಮರುದಿನ ಪತ್ರಿಕೆಯಲ್ಲಿ ಅದೇ ಸುದ್ದಿ "ಕಾಲುವೆಗೆ ನೀರು ಹರಿಸಲಾಗಿದೆ" ಎಂದು ಬರುತ್ತದೆ. ಕಾಲುವೆ ದಂಡೆಯ ಮನೆಯ ಮೂರು ವರ್ಷದ ಕೂಸು "ನೀರು ಬಂತು" ಅನ್ನುತ್ತದೆ. ನಡೆದದ್ದು ಒಂದೇ, ಹೇಳಿದ ವಾಕ್ಯಗಳು ಮೂರು. ಮೂರರಲ್ಲೂ ಮಾಡಿದವರ ಹೆಸರಿಲ್ಲ.

ಈ ಮೂರು ವಾಕ್ಯಗಳು ನನ್ನ ತಲೆಯಲ್ಲಿ ನಿಂತದ್ದು ಪೋರ್ಚುಗೀಸ್ ಕಲಿಯುವ ಎಳೆಯ ಮಕ್ಕಳ ಬಗ್ಗೆ ಓದುತ್ತಿದ್ದಾಗ. ಮಾಡಿದವರನ್ನು ಹೆಸರಿಸದೆ ಕೆಲಸವನ್ನಷ್ಟೇ ಹೇಳುವುದನ್ನು ಆ ಮಕ್ಕಳು ಹೇಗೆ ಕಲಿಯುತ್ತಾರೆ ಎಂಬುದು ಅಲ್ಲಿನ ಪ್ರಶ್ನೆ. ಬ್ರೆಜಿಲಿನ ಕೂಸು ಮೊದಲು ಕಲಿಯುವ ಕ್ರಿಯಾಪದಗಳಲ್ಲಿ 'ಕಾಯಿವು' ಇರುತ್ತದೆ, ಅಂದರೆ ಬಿತ್ತು. 'ಕೆಬ್ರೋ' ಇರುತ್ತದೆ, ಮುರೀತು. 'ಅಕಬೋ' ಇರುತ್ತದೆ, ಮುಗೀತು. ಇದನ್ನು ಓದಿದವರಿಗೆ ನಮ್ಮ ಮನೆಗಳ 'ಬಿತ್ತು', 'ಒಡೀತು', 'ಆತು' ನೆನಪಾಗದೆ ಇರಲು ಸಾಧ್ಯವೇ ಇಲ್ಲ. ಹಾಗಾದರೆ ಕನ್ನಡದ ಕೂಸಿನ ಕಥೆ ಎಲ್ಲಿ ಬರೆದಿದೆ? ಅದನ್ನು ಹುಡುಕುತ್ತ ಹೊರಟೆ.

ಮೊದಲು ಪೋರ್ಚುಗೀಸಿನ ಮಾತು ಮುಗಿಸುತ್ತೇನೆ, ಏಕೆಂದರೆ ಅದು ನಮಗೆ ಅಷ್ಟೇನೂ ದೂರದ್ದಲ್ಲ. ಅಲ್ಲಿ ಕರೆಂಟ್ ಹೋದರೆ 'ಕೊರ್ತಾರಾಂ ಅ ಲೂಸ್' ಅನ್ನುತ್ತಾರೆ. ಕ್ರಿಯಾಪದ ಬಹುವಚನದಲ್ಲಿದೆ, ಕರ್ತೃ ಇಲ್ಲ. ನಾವು "ಕರೆಂಟ್ ತಗದಾರ" ಅನ್ನುವಂತೆಯೇ. ಅಲ್ಲಿ 'ಸೆ' ಎಂಬ ಪುಟ್ಟ ಪದವೊಂದಿದೆ. ಒಬ್ಬ ತನ್ನನ್ನು ತಾನು ತೊಳೆದುಕೊಂಡ ಅನ್ನುವಾಗ ಬರುವುದೂ ಅದೇ, ಬಾಗಿಲು ತಾನಾಗಿ ಮುಚ್ಚಿತು ಅನ್ನುವಾಗ ಬರುವುದೂ ಅದೇ. ನಮ್ಮ 'ಕೊಳ್ಳು' ಮಾಡುವುದು ಇದೇ ಕೆಲಸ: "ತಲೆ ಬಾಚಿಕೊಂಡ", "ಬಾಗಿಲು ಮುಚ್ಚಿಕೊಂಡಿತು." ಪೋರ್ಚುಗಲ್ಲಿನವರು 'ಸೆ'ಯನ್ನು ಬಿಡದೆ ಆಡುತ್ತಾರೆ. ಬ್ರೆಜಿಲಿನ ಆಡುಮಾತಿನಲ್ಲಿ ಅದು ಉದುರಿಹೋಗುವುದು ಹೆಚ್ಚು. ಇವೆರಡನ್ನೂ ಬಿಟ್ಟರೆ ಪುಸ್ತಕದ ಕರ್ಮಣಿ ಪ್ರಯೋಗ ಇದೆ, ಹೋಳಿಗೆ ತಿನ್ನಲ್ಪಟ್ಟಿತು ಎಂಬ ಜಾತಿಯದು. ಅದು ಕೂಸಿನ ಬಾಯಿಗೆ ಸುಲಭವಾಗಿ ಬರುವಂಥದ್ದಲ್ಲ.

ಕರ್ತೃವನ್ನು ಬಿಡುವ ರೂಢಿಯೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಬ್ರೆಜಿಲಿನ ಭಾಷಾವಿಜ್ಞಾನಿ ಮರಿಯಾ ಎವುಜೆನಿಯಾ ದುವಾರ್ತೆ 1993ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಸಾಕ್ಷಿ. ಅವರು ಆರಿಸಿಕೊಂಡದ್ದು 1845ರಿಂದ 1992ರವರೆಗಿನ ಜನಪ್ರಿಯ ನಾಟಕಗಳ ಸಂಭಾಷಣೆ. 1845ರ ನಾಟಕದಲ್ಲಿ ನಾನು, ನೀನು, ಅವನು ಎಂಬ ಸರ್ವನಾಮಗಳನ್ನು ಬಿಟ್ಟ ವಾಕ್ಯಗಳು ಶೇಕಡ 80ರಷ್ಟಿದ್ದವು. 1992ಕ್ಕೆ ಬರುವ ಹೊತ್ತಿಗೆ ಅವು ಶೇಕಡ 26ಕ್ಕೆ ಇಳಿದಿದ್ದವು. ಕ್ರಿಯಾಪದದ ಕೊನೆಯ ಪ್ರತ್ಯಯಗಳು ಸವೆದು ಒಂದರಂತೆ ಇನ್ನೊಂದಾದಾಗ ಕರ್ತೃವನ್ನು ಬಾಯಿಬಿಟ್ಟು ಹೇಳಲೇಬೇಕಾಯಿತು. ನಮ್ಮ ಕನ್ನಡದಲ್ಲಿ ಆ ಸವೆತ ಆಗಿಲ್ಲ. "ಬಂದ್ಲು" ಅಂದರೆ ಬಂದವಳು ಹೆಣ್ಣು, ಒಬ್ಬಳು, ಇಲ್ಲಿ ಮಾತಾಡುತ್ತಿರುವವಳಲ್ಲ ಎಂಬಷ್ಟೂ ಗೊತ್ತಾಗುತ್ತದೆ. ಆದ್ದರಿಂದ ಹುಡುಕುವಾಗ ಎರಡನ್ನು ಬೇರೆಬೇರೆ ಇಡಬೇಕು. "ಬಂದ್ಲು" ಎಂಬಲ್ಲಿ ಹೆಸರು ಮಾತ್ರ ಬಿಟ್ಟಿದೆ, ಮಾಡಿದವಳ ಗುರುತು ಕ್ರಿಯಾಪದದಲ್ಲೇ ಉಳಿದಿದೆ. "ಒಡೀತು" ಎಂಬಲ್ಲಿ ಒಡೆದವರ ಗುರುತೇ ಇಲ್ಲ. ನನಗೆ ಬೇಕಾಗಿದ್ದದ್ದು ಈ ಎರಡನೆಯದು.

ಇಂಥ ಮಾತು ಕೂಸಿಗೆ ಯಾವ ವಯಸ್ಸಿಗೆ ಬರುತ್ತದೆ ಎಂಬ ಬಗ್ಗೆ 1987ರಲ್ಲಿ ಭಾಷಾವಿಜ್ಞಾನಿಗಳಾದ ಹಗಿತ್ ಬೋರರ್ ಮತ್ತು ಕೆನೆತ್ ವೆಕ್ಸ್ಲರ್ ಒಂದು ವಾದ ಮುಂದಿಟ್ಟರು. ಕರ್ಮಣಿ ವಾಕ್ಯ ಕಟ್ಟುವ ಶಕ್ತಿ ಮಕ್ಕಳ ಮಿದುಳಿನಲ್ಲಿ ಹಲ್ಲು ಮೂಡುವಂತೆ ತಕ್ಕ ವಯಸ್ಸಿಗೇ ಮೂಡುತ್ತದೆ, ನಾಲ್ಕೈದು ವರ್ಷದ ತನಕ ಅದು ಇರುವುದಿಲ್ಲ ಎಂಬುದು ಅದರ ತಿರುಳು. ಎರಡೇ ವರ್ಷಕ್ಕೆ ಅದಕ್ಕೆ ಪೆಟ್ಟು ಬಿತ್ತು. ಕ್ಯಾಥರೀನ್ ಡೆಮತ್ ಆಫ್ರಿಕಾದ ಲೆಸೊಥೊದಲ್ಲಿ ಸೆಸೊಥೊ ಆಡುವ ಮಕ್ಕಳ ಮಾತು ದಾಖಲಿಸಿ 1989ರಲ್ಲಿ ಪ್ರಕಟಿಸಿದರು. ಅಲ್ಲಿ ಮೂರು ತುಂಬದ ಮಕ್ಕಳು ಕರ್ಮಣಿ ವಾಕ್ಯಗಳನ್ನು ಸರಾಗವಾಗಿ ಆಡುತ್ತಿದ್ದರು. ಕಾರಣ ಅವರ ಮನೆಮಾತಿನಲ್ಲೇ ಇತ್ತು. ಸೆಸೊಥೊದಲ್ಲಿ "ಯಾರು ಬೇಯಿಸಿದರು?" ಎಂದು ಕರ್ತೃವಿನ ಜಾಗದಲ್ಲಿ 'ಯಾರು' ಇಟ್ಟು ನೇರವಾಗಿ ಕೇಳಲು ಬರುವುದಿಲ್ಲ. "ಇದು ಯಾರಿಂದ ಬೇಯಿಸಲ್ಪಟ್ಟಿತು?" ಎಂಬ ಧಾಟಿಯಲ್ಲಿ ಕೇಳಬೇಕು. ಹೀಗಾಗಿ ದಿನವಿಡೀ ಆ ರೂಪ ಕೂಸಿನ ಕಿವಿಗೆ ಬೀಳುತ್ತಲೇ ಇರುತ್ತದೆ. 1996ರಲ್ಲಿ ಶಾನ್ಲಿ ಆಲನ್ ಮತ್ತು ಮಾರ್ತಾ ಕ್ರೇಗೊ ಉತ್ತರ ಧ್ರುವ ಪ್ರದೇಶದ ಅಂಚಿನಲ್ಲಿ ಇನುಕ್ಟಿಟುಟ್ ಭಾಷೆ ಆಡುವ ಮಕ್ಕಳಲ್ಲೂ ಇದನ್ನೇ ಕಂಡರು. ಮನೆಯಲ್ಲಿ ಕೇಳಿದ್ದು ಕೂಸಿನ ಬಾಯಿಗೆ ಬೇಗ ಬರುತ್ತದೆ, ಮಿದುಳು ಅದಕ್ಕೆ ಅಡ್ಡ ನಿಲ್ಲುವುದಿಲ್ಲ. ಈ ದಾಖಲೆಗಳನ್ನು ಓದಿದ ಮೇಲೆ ನನಗೆ ಇದರಲ್ಲಿ ಅನುಮಾನ ಉಳಿಯಲಿಲ್ಲ.

ಇನ್ನು ಕನ್ನಡ. ಕೈಗೆ ಮೊದಲು ಸಿಕ್ಕಿದ್ದು ಎಲ್ಲರೂ ಹೈಸ್ಕೂಲಿನಲ್ಲಿ ಬರೆದ ಕರ್ತರಿ–ಕರ್ಮಣಿ ಅಭ್ಯಾಸ. "ಬಾಲಕನು ಹಣ್ಣನ್ನು ತಿಂದನು" ಎಂಬುದನ್ನು "ಬಾಲಕನಿಂದ ಹಣ್ಣು ತಿನ್ನಲ್ಪಟ್ಟಿತು" ಎಂದು ಮಾಡಿಸುವುದು. ಕಾರಟಗಿಯ ಸಂತೆಯಲ್ಲಿ ದಿನವಿಡೀ ಕಿವಿಗೊಟ್ಟು ನಿಂತರೂ ಈ ಎರಡನೆಯ ವಾಕ್ಯ ಕೇಳಿಸುವುದಿಲ್ಲ. ಎಸ್. ಎನ್. ಶ್ರೀಧರ್ 1990ರ ತಮ್ಮ ವ್ಯಾಕರಣ ಗ್ರಂಥದಲ್ಲಿ ಕನ್ನಡದ ಆಡುಮಾತಿನಲ್ಲಿ ಕರ್ಮಣಿ ಅಪರೂಪ ಎಂದೇ ಗುರುತಿಸಿದ್ದಾರೆ. ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ದರೆ ಕನ್ನಡದ ಸ್ವರೂಪ ಕಾಣುವುದಿಲ್ಲ ಎಂದು ಡಿ. ಎನ್. ಶಂಕರ ಭಟ್ಟರು ವಾದಿಸಿದ್ದಾರೆ. 2000ದ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಆ ವಾದದ ಪುಸ್ತಕ. ಆ ಅಚ್ಚು ಎಷ್ಟು ಹಳೆಯದು ಎಂದು ನೋಡಲು ನಾವು ಕೊಪ್ಪಳ ಜಿಲ್ಲೆ ಬಿಟ್ಟು ಹೋಗಬೇಕಾಗಿಲ್ಲ. ಗವಿಮಠದ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳನ್ನು ಆರ್. ಎಲ್. ಟರ್ನರ್ 1932ರಲ್ಲಿ ಹೈದರಾಬಾದಿನ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದರು. ಅವುಗಳ ಭಾಷೆ ಸಂಸ್ಕೃತದ ಬಳಗದ ಪ್ರಾಕೃತ. ಆ ಭಾಷೆಗೆ ಕರ್ಮಣಿ ಹುಟ್ಟುಗುಣ, ಮಾಡಿದವನು ತೃತೀಯಾ ವಿಭಕ್ತಿಯಲ್ಲಿ ಹಿಂದೆ ಸರಿದು ನಿಲ್ಲುವುದು ಅದಕ್ಕೆ ಸಹಜ. ಬೆಟ್ಟದ ಬಂಡೆಯ ಮೇಲೆ ಆ ಭಾಷೆ, ಬೆಟ್ಟದ ಕೆಳಗಿನ ಮನೆಗಳಲ್ಲಿ ನಮ್ಮದು.

ಹುಡುಕಾಟದಲ್ಲಿ ನನಗೆ ನಿಜವಾದ ದಾರಿ ತೋರಿಸಿದ್ದು 1856ರ ಪುಸ್ತಕ, ರಾಬರ್ಟ್ ಕಾಲ್ಡ್‌ವೆಲ್ಲರ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ. ತಿರುನೆಲ್ವೇಲಿ ಸೀಮೆಯ ಇಡೈಯನ್‌ಗುಡಿಯಲ್ಲಿ ಪಾದ್ರಿಯಾಗಿದ್ದ ಅವರು ಕರ್ಮಣಿಯ ಭಾಗಕ್ಕೆ ಬಂದಾಗ ಸಂಕೋಚವಿಲ್ಲದೆ ಹೇಳಿಬಿಡುತ್ತಾರೆ: ದ್ರಾವಿಡ ಕ್ರಿಯಾಪದಕ್ಕೆ ನಿಜವಾದ ಕರ್ಮಣಿ ರೂಪವೇ ಇಲ್ಲ, ಹಿಂದೆ ಇತ್ತೆನ್ನಲೂ ಆಧಾರವಿಲ್ಲ. 'ಪಡು' ಹಚ್ಚಿ ಮಾಡಿದ ರೂಪ ಇದ್ದರೂ ಜನ ಅದನ್ನು ಅಷ್ಟಾಗಿ ಆಡುವುದಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಅದು ಇಲ್ಲದ್ದರ ಲೆಕ್ಕವಾಗುತ್ತಿತ್ತು. ಅವರು ಮುಂದೆ ಹೋಗಿ, ಹಾಗಾದರೆ ಈ ಜನ ಆ ಭಾವವನ್ನು ಹೇಗೆ ಹೇಳುತ್ತಾರೆ ಎಂದು ದಾರಿಗಳನ್ನು ಹೆಕ್ಕಿ ಕೊಡುತ್ತಾರೆ. ಸಕರ್ಮಕ ಬಿಟ್ಟು ಅಕರ್ಮಕ ಹಿಡಿಯುವುದು, 'ಒಡೆಯಿತು' ಅನ್ನುವಂತೆ. ಭೂತಕೃದಂತಕ್ಕೆ 'ಆಯಿತು' ಕೂಡಿಸುವುದು, 'ಗುಡಿ ಕಟ್ಟಿ ಆಯಿತು' ಅನ್ನುವಂತೆ. ಪೆಟ್ಟನ್ನು ತಿಂದೆ, ಉಂಡೆ ಎಂದು ಹೇಳುವುದು, ನಾವು 'ಹೊಡ್ತ ತಿಂದ' ಅನ್ನುವಂತೆ. ಅವರ ಉದಾಹರಣೆಗಳು ಬಹುಪಾಲು ತಮಿಳಿನವು. ಆದರೆ ಆ ಪುಟಗಳನ್ನು ಓದುತ್ತ ಹೋದಂತೆ ನನಗೆ ಕೇಳಿಸಿದ್ದು ನಮ್ಮ ಓಣಿಯ ಮಕ್ಕಳ ಮಾತು. ಕಾಲ್ಡ್‌ವೆಲ್ಲರು ಕರ್ಮಣಿಯ ಬದಲಿಗೆಂದು ಪಟ್ಟಿ ಮಾಡಿದ ರೂಪಗಳೇ ಮೂರು ವರ್ಷದ ಕೂಸಿಗೆ ಮೊದಲು ಬರುವ ರೂಪಗಳು. ದೊಡ್ಡವರ ಭಾಷೆಯ ಬಗ್ಗೆ ಬರೆದ ಆ ಪುಟಗಳು ನನ್ನ ಪಾಲಿಗೆ ಮಕ್ಕಳ ಭಾಷೆಯ ದಾಖಲೆಯಾದವು.

ಪಕ್ಕಾ ಮಕ್ಕಳ ಮೇಲೆಯೇ, ಪಕ್ಕಾ ಕನ್ನಡದಲ್ಲೇ ನಡೆದ ಪ್ರಯೋಗ ಸಿಕ್ಕಿದ್ದು ಆಮೇಲೆ. ಜೆಫ್ರಿ ಲಿಡ್ಸ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ 2003ರಲ್ಲಿ 'ಕಾಗ್ನಿಷನ್' ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಕನ್ನಡವನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಕನ್ನಡದಲ್ಲಿ 'ಇಸು' ಪ್ರತ್ಯಯ ಇದೆ. 'ಏರು' ಅಂದರೆ ತಾನೇ ಏರುವುದು, 'ಏರಿಸು' ಅಂದರೆ ಇನ್ನೊಂದನ್ನು ಏರುವಂತೆ ಮಾಡುವುದು. ಈ ಪ್ರತ್ಯಯ ಬಂತೆಂದರೆ ಮಾಡಿಸಿದವರು ಬೇರೆ ಇದ್ದಾರೆಂದು ನಂಬಬಹುದು. ವಾಕ್ಯದಲ್ಲಿ ಎಷ್ಟು ಹೆಸರುಗಳಿವೆ ಎಂಬುದನ್ನು ಹಾಗೆ ನಂಬುವಂತಿಲ್ಲ, ಏಕೆಂದರೆ ನಾವು ಮಾತಿನ ಭರದಲ್ಲಿ ಹೆಸರುಗಳನ್ನು ಸಲೀಸಾಗಿ ಬಿಡುತ್ತೇವೆ. ಹಾಗಿದ್ದರೆ ಕನ್ನಡದ ಕೂಸು ಯಾವುದನ್ನು ನೆಚ್ಚುತ್ತದೆ?

ಮಕ್ಕಳ ಮುಂದೆ ಆಟಿಕೆ ಪ್ರಾಣಿಗಳನ್ನಿಟ್ಟು ವಾಕ್ಯ ಹೇಳಿ, ಅದನ್ನು ಆಡಿ ತೋರಿಸಲು ಕೇಳಿದರು. ಕೆಲವು ವಾಕ್ಯಗಳನ್ನು ಬೇಕೆಂದೇ ಅಡ್ಡಾದಿಡ್ಡಿ ಮಾಡಿದ್ದರು: ಎರಡು ಹೆಸರುಗಳಿದ್ದರೂ 'ಇಸು' ಇಲ್ಲದವು, ಒಂದೇ ಹೆಸರಿದ್ದರೂ 'ಇಸು' ಇದ್ದವು. ಬಂದ ಉತ್ತರ ಸಂಶೋಧಕರು ಎದುರು ನೋಡುತ್ತಿದ್ದ ದಿಕ್ಕಿನದೇ, ಆದರೂ ಕನ್ನಡಿಗರಿಗೆ ಅಚ್ಚರಿಯದು. ಮೂರು ವರ್ಷದ ಮಕ್ಕಳು ಪ್ರತ್ಯಯಕ್ಕೆ ಕಿವಿಗೊಡಲಿಲ್ಲ, ಹೆಸರುಗಳನ್ನು ಎಣಿಸಿದರು. ಎರಡು ಹೆಸರು ಕೇಳಿದರೆ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಕೆಲಸ ಮಾಡಿಸಿದರು. ಒಂದೇ ಹೆಸರು ಕೇಳಿದರೆ, ಕ್ರಿಯಾಪದದಲ್ಲಿ 'ಇಸು' ಇದ್ದರೂ, ಆ ಪ್ರಾಣಿಯೇ ತಾನಾಗಿ ಏರಿದಂತೆ ಆಡಿಸಿದರು. ಅಂದರೆ ವಾಕ್ಯದಲ್ಲಿ ಹೆಸರಿಲ್ಲದವರು ಆ ವಯಸ್ಸಿನ ಕೂಸಿನ ಮಟ್ಟಿಗೆ ಆಟದಲ್ಲೂ ಇಲ್ಲ. ಲಿಡ್ಸ್ ಮುಂದೆ ಜಾಶುವಾ ವಿಯೊ ಜೊತೆಗೂಡಿ ಕನ್ನಡದ 'ಕೊಡು' ರಚನೆಗಳನ್ನು ಮಕ್ಕಳು ಕಲಿಯುವ ಬಗೆಯನ್ನೂ ಅಭ್ಯಸಿಸಿ 2011ರಲ್ಲಿ ಪ್ರಕಟಿಸಿದರು. ಜಗತ್ತಿನ ಭಾಷಾಕಲಿಕೆಯ ದೊಡ್ಡ ಚರ್ಚೆಯೊಂದನ್ನು ಕನ್ನಡದ ಕೂಸುಗಳ ಉತ್ತರದಿಂದ ತೀರ್ಮಾನಿಸಲು ಹೊರಟಿದ್ದಾರೆ ಎಂಬುದು ನಮ್ಮ ಮೇಷ್ಟ್ರುಗಳಿಗೆ, ಅಂಗನವಾಡಿ ಟೀಚರುಗಳಿಗೆ ತಲುಪಬೇಕಾದ ಸುದ್ದಿ.

ಇಷ್ಟು ಓದಿಕೊಂಡು ಊರಿನಲ್ಲಿ ಮಕ್ಕಳ ಮಾತಿಗೆ ಕಿವಿಗೊಟ್ಟೆ. ಕಾರಟಗಿಯ ಸಂಬಂಧಿಕರ ಮನೆಯ ಹಿತ್ತಲಲ್ಲಿ ನಾಲ್ಕಕ್ಕೆ ಕಾಲಿಡುತ್ತಿದ್ದ ಹುಡುಗನೊಬ್ಬ ಮಣ್ಣಿನಲ್ಲಿ ಕಾಲುವೆ ಮಾಡುತ್ತಿದ್ದ. ಬೆರಳಿನಿಂದ ಗೀರಿ, ಎರಡೂ ಕಡೆ ಒಡ್ಡು ಒತ್ತಿ, ಚೊಂಬಿನಿಂದ ನೀರು ಸುರಿದ. ಅಜ್ಜಿಯ ಕಡೆ ತಿರುಗಿ "ಕಾಲುವಿ ಆತು" ಅಂದ. ನೀರು ಮುಂದೆ ಸರಿದಾಗ "ನೀರು ಬಂತು" ಅಂದ. ಆಮೇಲೆ ಕಾಲಿನ ಹೆಬ್ಬೆರಳಿನಿಂದ ತಾನೇ ಒಡ್ಡನ್ನು ತಿವಿದ. "ಒಡ್ಡು ಒಡದೈತಿ!" ಅಜ್ಜಿ ಕೇಳಿದರು, "ಯಾರು ಒಡದಾರಪಾ?" ಹುಡುಗ ಒಂದಿಷ್ಟೂ ತಡವರಿಸಲಿಲ್ಲ. "ನಾನ ಒಡದೀನಿ."

ಈ ಸಣ್ಣ ಮಾತುಕತೆಯಲ್ಲಿ ನೋಡಬೇಕಾದ್ದು ಬಹಳ ಇದೆ. ಕೂಸು ತಪ್ಪು ಮುಚ್ಚಿಡಲು "ಒಡೀತು", "ಚೆಲ್ತು" ಅನ್ನುತ್ತದೆ ಎಂದು ದೊಡ್ಡವರು ನಗುತ್ತಾರೆ, ಕೆಲವೊಮ್ಮೆ ಗದರುತ್ತಾರೆ. ಈ ಹುಡುಗ ಹೆಮ್ಮೆಪಡುವ ಕೆಲಸವನ್ನೂ ಅದೇ ಧಾಟಿಯಲ್ಲಿ ಹೇಳಿದ, ಕಾಲುವೆ ಕಟ್ಟಿದವನು ತಾನೇ ಆಗಿದ್ದರೂ "ಆತು" ಅಂದ. ಕೇಳಿದಾಗ ಅದೇ 'ಒಡೆ' ಎಂಬ ಧಾತುವಿಗೆ 'ನಾನು' ಹಚ್ಚಿ, ತಕ್ಕ ಪ್ರತ್ಯಯ ಕೂಡಿಸಿ ಹೇಳಿದ. ಕನ್ನಡದ ಒಡೆ, ಮುರಿ, ಹರಿ, ಚೆಲ್ಲು ಇಂಥ ಧಾತುಗಳು ಎರಡೂ ಕಡೆ ನಡೆಯುತ್ತವೆ: ಕೊಂಬೆ ಮುರೀತು, ಕೊಂಬೆ ಮುರಿದ. ಬೀಳುವುದಕ್ಕಾದರೆ 'ಬೀಳಿಸು' ಎಂಬ ಬೇರೆ ರೂಪ ಬೇಕು. ಎರಡೂ ಕಡೆ ನಡೆಯುವ ಧಾತುವನ್ನು ಯಾವಾಗ ಯಾವ ಕಡೆ ತಿರುಗಿಸಬೇಕೆಂದು ನಾಲ್ಕು ತುಂಬದ ಹುಡುಗನಿಗೆ ಗೊತ್ತು. ಮಾಡಿದವರು ಯಾರೆಂಬುದು ಅವನಿಗೆ ತಿಳಿದೇ ಇದೆ. ಅವನ ಕಣ್ಣು ಇರುವುದು ಆದದ್ದರ ಮೇಲೆ, ಅದಕ್ಕೆ ತಕ್ಕ ವಾಕ್ಯವನ್ನು ಮನೆಯ ಕನ್ನಡ ಅವನ ಕೈಗೆ ಕೊಟ್ಟಿದೆ.

ಕಾರಟಗಿಯಲ್ಲಿ ಕೇಳಬೇಕಾದ್ದು ಇನ್ನೊಂದಿದೆ. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು ಇಲ್ಲಿ ಬಹಳ. ಕ್ಯಾಂಪಿನ ಕೂಸು ಮನೆಯಲ್ಲಿ "ನೀಳ್ಳು ವದಿಲಾರು" ಎಂದು ಕೇಳುತ್ತದೆ, ಬೀದಿಯಲ್ಲಿ "ನೀರು ಬಿಟ್ಟಾರ" ಎಂದು ಕೇಳುತ್ತದೆ. ಪದಗಳು ಬೇರೆಯಾದರೂ ವಾಕ್ಯದ ಕಟ್ಟು ಒಂದೇ, ಎರಡರಲ್ಲೂ ಹೆಸರಿಲ್ಲದ ಬಹುವಚನ. ಎರಡು ಭಾಷೆಗಳ ನಡುವೆ ಬೆಳೆಯುವ ಆ ಮಕ್ಕಳಿಗೆ ಈ ವಿಷಯದಲ್ಲಿ ಹೊಸದಾಗಿ ಕಲಿಯುವ ಹೊರೆಯೇ ಇಲ್ಲ. 'ಕೊರ್ತಾರಾಂ' ಕೇಳುವ ಪೋರ್ಚುಗೀಸ್ ಕೂಸಿಗೂ ಕಾರಟಗಿ ಕೂಸಿಗೂ ಇರುವ, ಹೆಸರಿಲ್ಲದ ಬಹುವಚನದ ಈ ಹೋಲಿಕೆಯೇ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು.

ಪತ್ರಿಕೆಯ 'ಹರಿಸಲಾಗಿದೆ'ಯಲ್ಲಿ ಕಂಡ 'ಲಾಗಿದೆ' ಕೂಸಿಗೆ ಆಮೇಲೆ ಬರುತ್ತದೆ, ಅದೂ ಅಕ್ಷರದ ಮೂಲಕ. "ಧೂಮಪಾನ ನಿಷೇಧಿಸಲಾಗಿದೆ", "ಇಲ್ಲಿ ವಾಹನ ನಿಲ್ಲಿಸುವುದನ್ನು ನಿಷೇಧಿಸಲಾಗಿದೆ" ಎಂಬ ಬೋರ್ಡುಗಳು, ಪಠ್ಯಪುಸ್ತಕದ "ಈ ಅಣೆಕಟ್ಟನ್ನು ನಿರ್ಮಿಸಲಾಗಿದೆ" ಎಂಬ ವಾಕ್ಯಗಳು. ಗಮನಿಸಿ, 'ಅಣೆಕಟ್ಟನ್ನು' ಎಂಬ ದ್ವಿತೀಯಾ ವಿಭಕ್ತಿ ಹಾಗೇ ಉಳಿದಿದೆ, ಕರ್ಮ ಕರ್ತೃವಿನ ಜಾಗಕ್ಕೆ ಬಂದಿಲ್ಲ. ಸಂಸ್ಕೃತದ ಕರ್ಮಣಿ ಹೀಗೆ ನಡೆಯುವುದಿಲ್ಲ. ಬರಹದ ಕನ್ನಡ ಕರ್ಮಣಿಯ ವೇಷ ಹಾಕಿದಾಗಲೂ ಕರ್ತೃವನ್ನು ಕಳಚಿ, ಉಳಿದದ್ದನ್ನು ಇದ್ದಲ್ಲೇ ಬಿಡುತ್ತದೆ. ಇದು ನಮ್ಮ ಭಾಷೆಯ ಹಳೆಯ ಜಾಯಮಾನವೇ ಎಂದು ನನ್ನ ಅಭಿಪ್ರಾಯ.

ಇದೆಲ್ಲ ಪಂಡಿತರ ಚರ್ಚೆಗಷ್ಟೇ ಮೀಸಲಾದ ಮಾತಲ್ಲ. ಮಾತು ತಡವಾದ ಮಕ್ಕಳನ್ನು ಪರೀಕ್ಷಿಸುವಾಗ ಚಿತ್ರ ತೋರಿಸಿ "ನಾಯಿಯಿಂದ ಬೆಕ್ಕು ಓಡಿಸಲ್ಪಟ್ಟಿತು" ಎಂಬ ಜಾತಿಯ ವಾಕ್ಯ ಹೇಳಿದರೆ ಯಾವ ಕನ್ನಡದ ಕೂಸಾದರೂ ಕಕ್ಕಾಬಿಕ್ಕಿಯಾಗುತ್ತದೆ, ಏಕೆಂದರೆ ಹಾಗೆ ಅದರ ಮನೆಯಲ್ಲಿ ಯಾರೂ ಮಾತಾಡಿಲ್ಲ. ಅದನ್ನು ಕೂಸಿನ ಕೊರತೆಯೆಂದು ಬರೆದರೆ ಅನ್ಯಾಯ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಶುರುವಾದದ್ದು. ಅಲ್ಲಿನ ವಿದ್ಯಾರ್ಥಿಗಳು, ಸಂಶೋಧಕರು ಕನ್ನಡ ಮಕ್ಕಳ ಮಾತಿನ ಬೆಳವಣಿಗೆಯನ್ನು ದಶಕಗಳಿಂದ ಅಭ್ಯಸಿಸುತ್ತ ಬಂದಿದ್ದಾರೆ. ಆ ಕೆಲಸಕ್ಕೆ ಮೈಸೂರು ಸೀಮೆಯ "ಒಡೆದುಹೋಯ್ತು" ಎಷ್ಟು ಮುಖ್ಯವೋ ಕೊಪ್ಪಳ ಸೀಮೆಯ "ಒಡದೈತಿ" ಅಷ್ಟೇ ಮುಖ್ಯ. ಪರೀಕ್ಷೆಯ ಹಾಳೆಯಲ್ಲಿ ಬೀಳಬೇಕಾದ್ದು 'ಕೊಳ್ಳು', 'ಆತು', ಎರಡೂ ಕಡೆ ನಡೆಯುವ ಧಾತುಗಳು, ಹೆಸರಿಲ್ಲದ "ಬಿಟ್ಟಾರ." ಕೂಸಿಗೆ ಕನ್ನಡ ಬಂತೇ ಎಂದು ತಿಳಿಯುವುದು ಇವುಗಳಿಂದ.

ಆದ್ದರಿಂದ ಗಂಗಾವತಿ, ಕಾರಟಗಿ, ಕುಷ್ಟಗಿ, ಯಲಬುರ್ಗಾ ಕಡೆಯ ತಾಯಂದಿರಲ್ಲಿ, ಅಂಗನವಾಡಿ ಟೀಚರುಗಳಲ್ಲಿ ನನ್ನದೊಂದು ಬೇಡಿಕೆ. ಒಂದು ನೋಟ್‌ಬುಕ್ ಇಡಿ. ಕೂಸಿನ ವಯಸ್ಸನ್ನು ವರ್ಷ–ತಿಂಗಳಲ್ಲಿ ಬರೆಯಿರಿ, ತಾರೀಖು ಹಾಕಿ, ಮಾತಾಡುವ ಮುಂಚೆ ಏನು ನಡೆದಿತ್ತು ಎಂಬುದನ್ನು ಒಂದು ಸಾಲಿನಲ್ಲಿ ಗುರುತು ಹಾಕಿ, ಅದು ಆಡಿದ್ದನ್ನು ಆಡಿದಂತೆಯೇ ಇಳಿಸಿ. "ಒಡದೈತಿ" ಅಂದದ್ದನ್ನು "ಒಡೆದಿದೆ" ಎಂದು ತಿದ್ದಿ ಬರೆಯಬೇಡಿ.